ಸೈಲೆನ್ಸರಿನೊಳಗಿನ ವಿದ್ಯೆ

ಕಾಮಸಮುದ್ರ ಹೋಬಳಿಯ ರೈತನಿಗೆ ರಾತ್ರಿಯ ಹೊತ್ತು ದೂರದಲ್ಲಿ ಪಟಾಕಿಯಂಥ ಸದ್ದು ಕೇಳಿಸಿತೆಂದರೆ ಮೊದಲು ನೆನಪಾಗುವುದು ಆನೆ. ಆಂಧ್ರ ಮತ್ತು ತಮಿಳುನಾಡಿನ ಗಡಿಗಳು ಹತ್ತಿರವಾಗುವ ಬಂಗಾರಪೇಟೆ ತಾಲೂಕಿನ ಈ ಮೂಲೆಯಲ್ಲಿ ಕಾಡಾನೆಗಳು ಹೊಲಕ್ಕೆ ನುಗ್ಗುವುದು ಹೊಸ ಸಂಗತಿಯೇನಲ್ಲ. ಅವುಗಳನ್ನು ಹಿಂದಕ್ಕಟ್ಟಲು ಅರಣ್ಯ ಇಲಾಖೆಯವರೂ ಊರವರೂ ಸಿಡಿಸುವುದು ಪಟಾಕಿಯನ್ನೇ. ಆದರೆ ಈಚೀಚೆಗೆ ಆ ಲೆಕ್ಕ ತಪ್ಪುತ್ತಿದೆ. ಬ್ಯಾಟರಿ ಹಿಡಿದು ಹೊಲದ ಬದುವಿಗೆ ಓಡಿದವರಿಗೆ ಕಾಣುವುದು ಬಂಗಾರಪೇಟೆ ರಸ್ತೆಯಲ್ಲಿ ಹೋಗುವ ಒಂದು ಬೈಕಿನ ಕೆಂಪು ದೀಪ ಮಾತ್ರ. ಇಳಿಜಾರಿನಲ್ಲಿ ಹುಡುಗ ಆಕ್ಸಿಲೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರಿನಿಂದ ಢಂ ಢಂ ಎಂದು ಸಿಡಿತ.

ಆ ಸದ್ದು ಪುಕ್ಕಟೆಯಾಗಿ ಬಂದದ್ದಲ್ಲ. ಕಂಪನಿ ಕೊಟ್ಟ ಸೈಲೆನ್ಸರನ್ನು ಕಳಚಿ, ನಾಲ್ಕಾರು ಸಾವಿರ ರೂಪಾಯಿ ತೆತ್ತು ಬೇರೊಂದು ಡಬ್ಬಿಯನ್ನು ಸಿಕ್ಕಿಸಿಕೊಂಡದ್ದರ ಫಲ. ಹುಡುಗನನ್ನು ಕೇಳಿದರೆ 'ಪಿಕಪ್ ಜಾಸ್ತಿಯಾಗಿದೆ' ಎನ್ನುತ್ತಾನೆ. ಅವನ ತಂದೆಯ ಕಾಲದಲ್ಲಿ ಈ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಇಂದು ಬಹುಮಟ್ಟಿಗೆ ಇಲ್ಲ. ಈ ಎರಡು ಕಾಲಗಳ ನಡುವೆ ನಮ್ಮ ರಸ್ತೆಗಳಲ್ಲಿ, ಗ್ಯಾರೇಜುಗಳಲ್ಲಿ, ಕಾನೂನಿನಲ್ಲಿ ಏನಾಯಿತೆಂಬುದು ಒಂದು ಸಣ್ಣ ಚರಿತ್ರೆ. ಅದರ ಬಹುಪಾಲು ಮೈಸೂರು, ಹೊಸೂರು ಮತ್ತು ನಮ್ಮದೇ ಕೋಲಾರ ಜಿಲ್ಲೆಯ ನರಸಾಪುರದ ನಡುವೆ ನಡೆದಿದೆ.

ಆರಂಭ ಮೈಸೂರಿನಲ್ಲಿ. ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಕ್ ಎಂಬ ಪಾರ್ಸಿ ಉದ್ಯಮಿಗಳು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ ಜಯಚಾಮರಾಜ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. 250 ಸಿಸಿಯ ಜಾವಾ, 1973ರಿಂದ ಅದರ ಮುಂದುವರಿಕೆಯಾದ ಯೆಜ್ದಿ, 1978ರಲ್ಲಿ ಬಂದ ರೋಡ್‌ಕಿಂಗ್ - ಇವೆಲ್ಲ ಎರಡು ಸ್ಟ್ರೋಕಿನ ಎಂಜಿನ್ನುಗಳು. ಯೆಜ್ದಿ ಎಂಬ ಹೆಸರು ಇರಾನಿನ ಯಜ್ದ್ ನಗರದಿಂದ ಬಂದದ್ದೆನ್ನುತ್ತಾರೆ. ಒಂದೇ ಸಿಲಿಂಡರಾದರೂ ಎರಡು ಬದಿಗೆ ಎರಡು ಸೈಲೆನ್ಸರ್ ಇದರ ವೈಶಿಷ್ಟ್ಯ. ಹಳೆ ಮೈಸೂರು ಸೀಮೆಯ ಗ್ಯಾರೇಜುಗಳಿಗೆ ಈ ಗಾಡಿಯೇ ಪಾಠಶಾಲೆಯಾಯಿತು ಎಂದರೆ ಅತಿಶಯೋಕ್ತಿಯಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲು ಪೂರ್ತಿ ಉರಿಯದೆ ಸೈಲೆನ್ಸರಿನ ಒಳಕೊಳವೆಯಲ್ಲಿ ಕಾರ್ಬನ್ನಾಗಿ ಕಟ್ಟಿಕೊಳ್ಳುತ್ತಿತ್ತು. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಆ ಕೊಳವೆಯನ್ನು ಹೊರಗೆಳೆದು, ಸೌದೆ ಬೆಂಕಿಯಲ್ಲಿ ಕಾಯಿಸಿ, ಬಡಿದು ಶುದ್ಧ ಮಾಡಿ ಮತ್ತೆ ಹಾಕಬೇಕು. ಹೀಗೆ ಹೊರಗೆಳೆದದ್ದನ್ನು ಮತ್ತೆ ಹಾಕದೇ ಬಿಟ್ಟರೆ ಸದ್ದು ಎರಡರಷ್ಟು! ಸೈಲೆನ್ಸರ್ ಬದಲಾಯಿಸುವ ಚಾಳಿ ನಮ್ಮಲ್ಲಿ ಹುಟ್ಟಿದ್ದು ಈ ಮರೆವಿನಿಂದಲೇ ಇರಬೇಕೆಂದು ನನ್ನ ಗುಮಾನಿ.

ಎರಡು ಸ್ಟ್ರೋಕಿನಲ್ಲಿ ಸೈಲೆನ್ಸರಿನ ಪಾತ್ರ ಸದ್ದು ಅಡಗಿಸುವುದಷ್ಟೇ ಅಲ್ಲ. ಈ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಎಂಜಿನ್ನಿಗೆ ವಾಲ್ವ್ ಇರುವುದಿಲ್ಲ. ಬ್ಲಾಕಿನ ಗೋಡೆಯಲ್ಲಿ ಕೊರೆದ ಕಿಂಡಿಗಳೇ ಅದರ ಬಾಗಿಲುಗಳು. ಪಿಸ್ಟನ್ ಕೆಳಗಿಳಿಯುವಾಗ ಹೊಗೆ ಹೊರಹೋಗುವ ಕಿಂಡಿ ಮೊದಲು ತೆರೆಯುತ್ತದೆ, ಅದರ ಬೆನ್ನಿಗೇ ಹೊಸ ಪೆಟ್ರೋಲು-ಗಾಳಿ ಒಳಬರುವ ಕಿಂಡಿ. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವ ಆ ಗಳಿಗೆಯಲ್ಲಿ ಒಳಗೆ ಬಂದ ಹೊಸ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊಗೆಯ ಹಿಂದೆ ಹೊರಗೆ ನುಸುಳಿಬಿಡುತ್ತದೆ. ಕೆಲವು ಸ್ಥಿತಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು. ಎರಡು ಸ್ಟ್ರೋಕ್ ಬೈಕಿನ ಹಿಂದೆ ಹೋಗುವವರ ಮೂಗಿಗೆ ಹಸಿ ಪೆಟ್ರೋಲಿನ ವಾಸನೆ ಬಡಿಯುತ್ತಿದ್ದುದು ಇದರಿಂದಲೇ.

ಈ ನಷ್ಟವನ್ನು ತಡೆಯುವ ಉಪಾಯವನ್ನು ಪಕ್ವಗೊಳಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಯುದ್ಧಕಾಲದಲ್ಲಿ ಕ್ಷಿಪಣಿಗಳ ಕೆಲಸದಲ್ಲಿದ್ದ ಈ ಎಂಜಿನಿಯರು, ಹೊಗೆ ಕೊಳವೆಯನ್ನು ಮೊದಲು ಅಗಲಗೊಳಿಸಿ ಆಮೇಲೆ ಕಿರಿದುಗೊಳಿಸಿದರೆ ಅದರೊಳಗೆ ಓಡುವ ಒತ್ತಡದ ಅಲೆಗಳನ್ನು ದುಡಿಸಿಕೊಳ್ಳಬಹುದೆಂದು ತೋರಿಸಿದ. ಅಗಲವಾಗುವ ಭಾಗದಿಂದ ಹಿಂದಿರುಗುವ ಅಲೆ ಸುಟ್ಟ ಹೊಗೆಯನ್ನು ಹೀರಿ ತೆಗೆಯುತ್ತದೆ. ಕಿರಿದಾಗುವ ಭಾಗಕ್ಕೆ ಬಡಿದು ಮರಳುವ ಅಲೆ, ನುಸುಳಿ ಹೊರಬಂದ ಪೆಟ್ರೋಲನ್ನು ಕಿಂಡಿ ಮುಚ್ಚುವ ಮುನ್ನವೇ ಒಳಕ್ಕೆ ತಳ್ಳುತ್ತದೆ. 1961ರ ಹೊತ್ತಿಗೆ ಅವನ 125 ಸಿಸಿಯ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಸ್ವೀಡನ್ನಿನ ರೇಸಿನ ನಂತರ ಎಂಜೆಡ್‌ನ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ತಪ್ಪಿಸಿಕೊಂಡು ಸುಜುಕಿಯನ್ನು ಸೇರಿದ. ವಿದ್ಯೆಯೂ ಅವನೊಂದಿಗೆ ಜಪಾನಿಗೆ ಹೋಯಿತು. ಮರುವರ್ಷ 50 ಸಿಸಿಯ ವಿಶ್ವ ಪ್ರಶಸ್ತಿ ಸುಜುಕಿಯದಾಯಿತು.

ಜಪಾನಿನಿಂದ ಆ ವಿದ್ಯೆ ನಮ್ಮ ಬಾಗಿಲಿಗೆ ಬಂದದ್ದು ಇಪ್ಪತ್ತು ವರ್ಷಗಳ ತರುವಾಯ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಾಹಾದ ಆರ್‌ಡಿ 350ಯನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ತಂದಿತು. ಇದರಲ್ಲೊಂದು ವಿಪರ್ಯಾಸವಿದೆ. ಅಮೆರಿಕವು 1978ರ ಮಾದರಿಗಳಿಂದ ಮೋಟಾರ್‌ಸೈಕಲ್ಲುಗಳಿಗೆ ಹೊಗೆಯ ಮಿತಿ ಹೇರಿತ್ತು, ಅಲ್ಲಿನ ರಸ್ತೆಗಳಿಂದ ಎರಡು ಸ್ಟ್ರೋಕು ಗಾಡಿಗಳು ಮರೆಯಾಗುತ್ತಿದ್ದವು. ಜಪಾನು 1975ರಲ್ಲೇ ಕೈಬಿಟ್ಟಿದ್ದ ಗಾಡಿ ಇಲ್ಲಿ ಹೊಸದಾಗಿ ಅವತರಿಸಿತು. ಆಗ ನಮ್ಮಲ್ಲಿ ಹೊಗೆಗೆ ಕಾನೂನಿನ ಮಿತಿಯೇ ಇರಲಿಲ್ಲ. ಇಲ್ಲಿ ಅದಕ್ಕೆ ಎದುರಾದದ್ದು ಮೈಲೇಜಿನ ಸಮಸ್ಯೆ. ಹಾಗಾಗಿ ಕಂಪನಿಯೇ ಮೂವತ್ತೂವರೆ ಅಶ್ವಶಕ್ತಿಯನ್ನು 27ಕ್ಕೆ ಇಳಿಸಿ ಇನ್ನೊಂದು ಮಾದರಿ ಮಾಡಿತು. ಮೆಕ್ಯಾನಿಕ್ಕುಗಳ ಬಾಯಲ್ಲಿ ಮೊದಲನೆಯದು ಹೈ ಟಾರ್ಕ್, ಎರಡನೆಯದು ಲೋ ಟಾರ್ಕ್. ಲೋ ಟಾರ್ಕನ್ನು ಹೈ ಟಾರ್ಕ್ ಮಾಡಿಕೊಡುವುದೇ ಕೆಲವು ಗ್ಯಾರೇಜುಗಳ ಹೆಗ್ಗಳಿಕೆಯಾಯಿತು.

1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ ಬಂತು, 1985ರಲ್ಲಿ ಯಮಾಹಾ ಆರ್‌ಎಕ್ಸ್ 100. ಬರೀ 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋ ಚಿಲ್ಲರೆ ತೂಕ. ಈ ಗಾಡಿಯ ಬಗ್ಗೆ ಹೇಳದೆ ಕರ್ನಾಟಕದ ಗ್ಯಾರೇಜಿನ ಚರಿತ್ರೆ ಬರೆಯಲಾಗದು. ಬಂಗಾರಪೇಟೆ, ಕೆಜಿಎಫ್ ಕಡೆ ಇದಕ್ಕೆ ಇನ್ನೊಂದು ಅನುಕೂಲವೂ ಇತ್ತು. ಚಿನ್ನದ ಗಣಿಯ ವರ್ಕ್‌ಶಾಪುಗಳಲ್ಲಿ, 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ನಲ್ಲಿ ಲೇಥು, ಫೈಲು ಹಿಡಿದು ಕೈ ಪಳಗಿದ ಫಿಟ್ಟರುಗಳು, ಟರ್ನರುಗಳು ಈ ಊರುಗಳಲ್ಲಿದ್ದರು. ಗ್ಯಾರೇಜಿನ ಉಸ್ತಾದನಿಗೆ ಹೆಡ್ಡನ್ನು ಕೂದಲೆಳೆಯಷ್ಟು ಕೆತ್ತಿಸಬೇಕಾದರೆ, ಕಿಂಡಿಯ ಅಂಚನ್ನು ನಯಗೊಳಿಸಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ರೈಲು ಹತ್ತಬೇಕಾದ ಅಗತ್ಯವಿರಲಿಲ್ಲ.

ಆ ಕಾಲದ ಟ್ಯೂನಿಂಗಿಗೆ ಉಪಕರಣವೆಂದರೆ ಕಣ್ಣು, ಕಿವಿ, ಮೂಗು. ಪ್ಲಗ್ ಬಿಚ್ಚಿ ನೋಡುವುದು. ಕಾಫಿ ಪುಡಿಯ ಬಣ್ಣವಿದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು. ಆಮೇಲೆ ಕಾರ್ಬೊರೇಟರಿನ ಸ್ಕ್ರೂವನ್ನು ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಹೊಗೆ ಕೊಳವೆಯನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಟ್ಟಬಾರದು ಎಂಬುದು ಒಳ್ಳೆಯ ಉಸ್ತಾದನಿಗೆ ಗೊತ್ತಿತ್ತು. ವಾಲ್ಟರ್ ಕಾಡೆನ್ನನ ಹೆಸರನ್ನು ಅವನು ಕೇಳಿರಲಿಕ್ಕಿಲ್ಲ. ಆದರೆ ಕೋನದಂತಿರುವ ಆ ಭಾಗವನ್ನು ಕೊಯ್ದರೆ ಸದ್ದು ಏರಿ ಓಟ ಇಳಿಯುತ್ತದೆ ಎಂಬುದನ್ನು ಕೆಡಿಸಿ ಕೆಡಿಸಿ ಕಲಿತಿದ್ದ.

ಈ ಉಸ್ತಾದ್-ಶಾಗಿರ್ದ್ ಪರಂಪರೆಯಲ್ಲಿ ಮುಸ್ಲಿಮರ ಪಾಲು ದೊಡ್ಡದು ಎಂಬುದು ಯಾವ ಪೇಟೆಯ ಸ್ಟ್ಯಾಂಡ್ ರಸ್ತೆಯಲ್ಲಿ ನಡೆದರೂ ಕಾಣುವ ಸಂಗತಿ. 2006ರ ಸಾಚಾರ್ ಸಮಿತಿಯ ವರದಿಯೂ ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯಲ್ಲೇ ಮುಸ್ಲಿಮರು ಹೆಚ್ಚಾಗಿರುವುದನ್ನು, ಅದರಲ್ಲಿ ವಾಹನ ರಿಪೇರಿಯೂ ಒಂದೆಂಬುದನ್ನು ಗುರುತಿಸಿತು. ಏಳನೇ ತರಗತಿಗೆ ಶಾಲೆ ಬಿಟ್ಟ ಹುಡುಗ ಸ್ಪ್ಯಾನರ್ ಎತ್ತಿಕೊಡುವ 'ಛೋಟು' ಆಗಿ ಸೇರಿ ಹತ್ತು ವರ್ಷದಲ್ಲಿ ಮಿಸ್ತ್ರಿಯಾಗುತ್ತಿದ್ದ. ಇದನ್ನು ಅತಿಯಾಗಿ ವೈಭವೀಕರಿಸುವುದು ನನಗಿಷ್ಟವಿಲ್ಲ. ಅವನು ದಿನವಿಡೀ ಕೈ ತೊಳೆಯುತ್ತಿದ್ದುದು ಪೆಟ್ರೋಲಿನಲ್ಲಿ. 2000ದ ಫೆಬ್ರವರಿಯಲ್ಲಿ ದೇಶಾದ್ಯಂತ ನಿಲ್ಲುವವರೆಗೂ ಆ ಪೆಟ್ರೋಲಿನಲ್ಲಿ ಸೀಸವಿರುತ್ತಿತ್ತು. ಆ ನೀಲಿ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಉಸಿರಾಡಿದವನೂ ಅವನೇ.

ಕಾನೂನು ಎಚ್ಚೆತ್ತದ್ದು 1991ರಲ್ಲಿ. ಆದರೂ ಮೊದಲ ಮಿತಿಗಳು ತೀರಾ ಸಡಿಲವಾಗಿದ್ದವು. ನಿಜವಾದ ಬಿಗಿ ಬಂದದ್ದು 1996ರಿಂದ. ದ್ವಿಚಕ್ರ ವಾಹನವು ಕಿಲೋಮೀಟರಿಗೆ ಉಗುಳಬಹುದಾದ ಕಾರ್ಬನ್ ಮಾನಾಕ್ಸೈಡ್ 1996ರಲ್ಲಿ ನಾಲ್ಕೂವರೆ ಗ್ರಾಂ, 2000ದಲ್ಲಿ 2 ಗ್ರಾಂ, 2005ರ ಬಿಎಸ್-2ರಲ್ಲಿ ಒಂದೂವರೆ, 2010ರ ಬಿಎಸ್-3ರಲ್ಲಿ 1 ಗ್ರಾಂ. ಉರಿಯದ ಪೆಟ್ರೋಲಿನ ಅಂಶಕ್ಕೂ ಇದೇ ರೀತಿಯ ಕಡಿವಾಣ. ಎರಡು ಬಾಗಿಲು ಒಟ್ಟಿಗೆ ತೆರೆದಿಡುವ ಎಂಜಿನ್ನಿಗೆ ಇದನ್ನು ಪಾಲಿಸುವುದು ಹೇಗೆ? ಆರ್‌ಎಕ್ಸ್ 100 ನಿಂತದ್ದು 1996ರಲ್ಲಿ. ಮೈಸೂರಿನ ಜಾವಾ ಕಾರ್ಖಾನೆಗೆ ಬೀಗ ಬಿದ್ದದ್ದೂ ಅದೇ ವರ್ಷ, ಅದಕ್ಕೆ ಹೊಗೆಯ ಮಿತಿಯೊಂದಿಗೆ ಬೇರೆ ಕಾರಣಗಳೂ ಸೇರಿದ್ದವು. 1985ರಲ್ಲೇ ಬಂದಿದ್ದ ಹೀರೋ ಹೋಂಡಾದಂಥ ನಾಲ್ಕು ಸ್ಟ್ರೋಕು ಗಾಡಿಗಳು ಮೈಲೇಜಿನ ಬಲದಿಂದ ಮಾರುಕಟ್ಟೆಯನ್ನು ಗೆದ್ದುಕೊಂಡವು. ರೇಷ್ಮೆಗೂಡಿನ ಚೀಲ, ಹಾಲಿನ ಕ್ಯಾನು ಹೊರುವ ನಮ್ಮ ಕಡೆಯ ಟಿವಿಎಸ್ ಮೊಪೆಡ್ ಮಾತ್ರ ಬಹುಕಾಲ ಎರಡು ಸ್ಟ್ರೋಕಾಗಿಯೇ ಉಳಿಯಿತು. ಕೊನೆಗೆ 2015ರಲ್ಲಿ ಬಂದ ಎಕ್ಸ್‌ಎಲ್ 100 ಅದನ್ನೂ ನಾಲ್ಕು ಸ್ಟ್ರೋಕು ಮಾಡಿತು.

ಇದೇ ಹೊತ್ತಿಗೆ ಬುಲೆಟ್ಟಿನ ಸದ್ದಿನ ವ್ಯಾಪಾರವೂ ಬೆಳೆಯಿತು. ಪಂಜಾಬ್ ಸೈಲೆನ್ಸರ್, ಇಂದೋರಿ ಸೈಲೆನ್ಸರ್ ಎಂದು ಊರುಗಳ ಹೆಸರಿನ ಡಬ್ಬಿಗಳು ಬಂದವು. ಅದರ ಕಥೆ ಬೇರೆ, ಅದರಲ್ಲಿ ವಿದ್ಯೆಗಿಂತ ಷೋಕಿಯೇ ಹೆಚ್ಚು.

2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್-3 ವಾಹನಗಳನ್ನು ಮಾರಕೂಡದೆಂದು ಆದೇಶಿಸಿತು. ಮಾರಾಟವಾಗದೆ ಉಳಿದಿದ್ದ ಎಂಟು ಲಕ್ಷಕ್ಕೂ ಹೆಚ್ಚು ವಾಹನಗಳಲ್ಲಿ ಆರು ಲಕ್ಷ ಎಪ್ಪತ್ತು ಸಾವಿರದಷ್ಟು ದ್ವಿಚಕ್ರ ವಾಹನಗಳೇ. ಎರಡು ದಿನ ಷೋರೂಮುಗಳ ಮುಂದೆ ಜಾತ್ರೆ! ಕಂಪನಿಗಳ ಲಾಭಕ್ಕಿಂತ ಜನರ ಆರೋಗ್ಯ ದೊಡ್ಡದೆಂದು ನ್ಯಾಯಾಲಯ ಹೇಳಿದ್ದನ್ನು ಆ ಗದ್ದಲದಲ್ಲಿ ಕೇಳಿಸಿಕೊಂಡವರು ಕಡಿಮೆ. ಮೂರು ವರ್ಷಗಳ ನಂತರ, 2020ರ ಏಪ್ರಿಲ್ 1ರಂದು, ಬಿಎಸ್-5ನ್ನು ದಾಟಿ ನೇರವಾಗಿ ಬಿಎಸ್-6 ಬಂತು. ಕಿಲೋಮೀಟರಿಗೆ ಉರಿಯದ ಪೆಟ್ರೋಲು 0.1 ಗ್ರಾಂ, ನೈಟ್ರೋಜನ್ ಆಕ್ಸೈಡು 0.06 ಗ್ರಾಂ. ಸ್ಕ್ರೂ ತಿರುಗಿಸಿ ಇದನ್ನು ಸಾಧಿಸಲಾಗದು. ನೂರು ಸಿಸಿಯ ಗಾಡಿಯಿಂದಲೂ ಕಾರ್ಬೊರೇಟರ್ ಬಹುಮಟ್ಟಿಗೆ ಹೋಯಿತು.

ಈಗ ಸೀಟಿನ ಕೆಳಗೊಂದು ಸಣ್ಣ ಕಂಪ್ಯೂಟರು ಕುಳಿತಿದೆ. ಹೊಗೆ ಕೊಳವೆಗೆ ಚುಚ್ಚಿದ ಆಕ್ಸಿಜನ್ ಸೆನ್ಸರು ಹೊಗೆಯನ್ನು ಮೂಸಿ ನೋಡಿ ಸುದ್ದಿ ಮುಟ್ಟಿಸುತ್ತದೆ. ಅದಕ್ಕೆ ತಕ್ಕಂತೆ ಕಂಪ್ಯೂಟರು ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಬೀಳುವಂತೆ ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತದೆ. ಹಳೆಯ ಉಸ್ತಾದನ ಮೂಗಿನ ಕೆಲಸವನ್ನೇ ಅದು ಮಾಡುತ್ತಿದೆ, ಎಡೆಬಿಡದೆ. ಮುಂದೆ ಸೈಲೆನ್ಸರಿನೊಳಗೆ ಜೇನುಗೂಡಿನಂಥ ಕೆಟಲಿಟಿಕ್ ಕನ್ವರ್ಟರ್. ಅದರ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳ ತೆಳು ಲೇಪ. ವಿಷಾನಿಲಗಳು ಅಲ್ಲಿ ಮಾರ್ಪಟ್ಟು ಹೊರಬರುತ್ತವೆ. ಎಂಜಿನ್, ಸೆನ್ಸರು, ಸೈಲೆನ್ಸರು ಮೂರೂ ಸೇರಿ ಒಂದೇ ಯಂತ್ರ.

ಇಂಥ ಗಾಡಿಯ ಸೈಲೆನ್ಸರನ್ನು ಕಿತ್ತು ಖಾಲಿ ಡಬ್ಬಿ ಹಾಕಿದರೆ ಆಗುವುದೇನು? ಕನ್ವರ್ಟರ್ ಹೋಯಿತು, ವಿಷ ಹಾಗೆಯೇ ಹೊರಗೆ. ಹೊಗೆ ಸರಾಗವಾಗಿ ಹೋಗುವುದರಿಂದ ಗಾಳಿ-ಪೆಟ್ರೋಲಿನ ಅಳತೆ ತಪ್ಪುತ್ತದೆ. ಕಂಪ್ಯೂಟರು ಅದನ್ನು ಒಂದು ಮಿತಿಯವರೆಗೆ ಮಾತ್ರ ಸರಿದೂಗಿಸಬಲ್ಲದು. ಮಿಶ್ರಣದಲ್ಲಿ ಗಾಳಿ ಹೆಚ್ಚಾದರೆ ಶಾಖ ಏರಿ ವಾಲ್ವಿಗೆ ಪೆಟ್ಟು. ಆಕ್ಸಿಲೇಟರ್ ಬಿಟ್ಟಾಗ ಉರಿಯದೆ ಉಳಿದ ಪೆಟ್ರೋಲು ಬಿಸಿ ಕೊಳವೆಯಲ್ಲಿ ಹೊತ್ತಿಕೊಂಡು ಸಿಡಿಯುತ್ತದೆ. ಕಾಮಸಮುದ್ರದ ರೈತನನ್ನು ಎಬ್ಬಿಸಿದ ಢಂ ಢಂ ಅದೇ. ಮೀಟರಿನಲ್ಲಿ ಹಳದಿ ದೀಪ ಹೊತ್ತಿದರೆ ಅದನ್ನು ಆರಿಸಲು ಡಮ್ಮಿ ಸೆನ್ಸರು, ಕಂಪ್ಯೂಟರಿಗೆ ಸುಳ್ಳು ಹೇಳುವ ಇನ್ನೊಂದು ಡಬ್ಬಿ. ರೇಸಿನ ಮೈದಾನಕ್ಕೆಂದು ಬಲ್ಲವರು ಅಳೆದು ತೂಗಿ ಕಂಪ್ಯೂಟರಿನ ಲೆಕ್ಕವನ್ನೇ ಮತ್ತೆ ಬರೆಯುವುದುಂಟು. ಅದು ಸಾವಿರಾರು ರೂಪಾಯಿಯ ಬಾಬತ್ತು. ರಸ್ತೆಯಲ್ಲಿ ನಾವು ಕೇಳುವ ಸದ್ದಿನಲ್ಲಿ ನೂರಕ್ಕೆ ತೊಂಬತ್ತು ಅಂಥದ್ದಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಕಳಚಿದ ಸೈಲೆನ್ಸರು ಎಲ್ಲಿಗೆ ಹೋಗುತ್ತದೆ? ಬುದ್ಧಿವಂತರದು ಅಟ್ಟಕ್ಕೆ, ಉಳಿದವರದು ಗುಜರಿಗೆ. ಗುಜರಿಯ ವ್ಯಾಪಾರಿಗಳಿಗೆ ಒಳಗಿನ ಜೇನುಗೂಡಿನ ಬೆಲೆ ಈಗ ಚೆನ್ನಾಗಿ ಗೊತ್ತು. 2021ರ ಮಾರ್ಚಿನಲ್ಲಿ ರೋಡಿಯಂ ಜಾಗತಿಕ ಪೇಟೆಯಲ್ಲಿ ಚಿನ್ನದ ಹದಿನೈದು ಪಟ್ಟಿಗೂ ಹೆಚ್ಚು ಬೆಲೆಗೆ ಏರಿತ್ತು. ಬೈಕಿನ ಕನ್ವರ್ಟರಿನಲ್ಲಿ ಅದು ಇರುವುದು ತೀರಾ ಅಲ್ಪ, ನಿಜ. ಆದರೂ 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಯ ನೆರಳಿನಲ್ಲಿ, ಒಂದು ಟನ್ ಕಲ್ಲು ಅರೆದು ಕೆಲವೇ ಗ್ರಾಂ ಚಿನ್ನಕ್ಕಾಗಿ ಮೈಲುಗಟ್ಟಲೆ ಆಳಕ್ಕಿಳಿದವರ ಊರಿನಲ್ಲಿ, ಅವರ ಮೊಮ್ಮಕ್ಕಳು ಚಿನ್ನಕ್ಕಿಂತ ದುಬಾರಿ ಲೋಹವಿರುವ ಡಬ್ಬಿಯನ್ನು ಇನ್ನೂರು ಮುನ್ನೂರಕ್ಕೆ ಗುಜರಿಗೆ ಹಾಕಿ ಬರುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕಾನೂನಿನಲ್ಲಿ ಅಸ್ಪಷ್ಟತೆಯೇನಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಸ್ವರೂಪವನ್ನು ಬದಲಾಯಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಹತ್ತು ಸಾವಿರ ರೂಪಾಯಿಯವರೆಗೂ ದಂಡ, ಮೂರು ತಿಂಗಳವರೆಗೆ ಸಜೆ ಸಾಧ್ಯ. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ಮೇಲೆ ರೋಲರ್ ಓಡಿಸಿದ್ದಾರೆ. ಬೆಂಗಳೂರಿನಲ್ಲಿ ಷಬೆ ಬರಾಅತ್ ರಾತ್ರಿ ವ್ಹೀಲಿಂಗ್ ಹುಡುಗರಿಗೆ ಹೆದರಿ ಮೇಲ್ಸೇತುವೆಗಳನ್ನು ಮುಚ್ಚಬೇಕಾಗಿ ಬಂದದ್ದೂ ಉಂಟು. ಪ್ರಾರ್ಥನೆಯ ರಾತ್ರಿ ಹಾಸಿಗೆ ಹಿಡಿದವರ ನಿದ್ದೆ ಕೆಡಿಸಿದ್ದಕ್ಕೆ ಹೊರಗಿನವರನ್ನು ದೂರುವುದರಲ್ಲಿ ಅರ್ಥವಿಲ್ಲ, ಆ ಹುಡುಗರು ನಮ್ಮ ಮನೆಯವರೇ.

ಆದರೆ ರೋಲರು ಮುಟ್ಟದ ಒಂದು ವಿಷಯವಿದೆ. ಹೋಂಡಾ ಕಂಪನಿ 2013ರಲ್ಲಿ ನರಸಾಪುರದಲ್ಲಿ ಕಾರ್ಖಾನೆ ತೆರೆಯಿತು. ಬಂಗಾರಪೇಟೆಗೆ ಅದು ಕೂಗಳತೆಯ ದೂರ. ಆದರೂ ಅಲ್ಲಿಂದ ಹೊರಬರುವ ಗಾಡಿಯ ಕಂಪ್ಯೂಟರಿನಲ್ಲಿ ಏನಿದೆಯೆಂದು ಬಂಗಾರಪೇಟೆಯ ಮಿಸ್ತ್ರಿಗೆ ತೆರೆದು ನೋಡಲು ಆಗುವುದಿಲ್ಲ. ಇದು ಒಂದು ಕಂಪನಿಯ ಮಾತಲ್ಲ, ಎಲ್ಲ ಕಂಪನಿಗಳ ಗಾಡಿಯೂ ಹೀಗೆಯೇ. ದೋಷ ಓದುವ ಸ್ಕ್ಯಾನರಿಗೆ ಹಣ ಬೇಕು, ಅದನ್ನು ಬಳಸಲು ತರಬೇತಿ ಬೇಕು. ಸಾಮಾನ್ಯ ಸ್ಕ್ಯಾನರು ದೋಷದ ಸಂಖ್ಯೆಯನ್ನು ತೋರಿಸೀತು, ಒಳಗಿನ ಲೆಕ್ಕವನ್ನು ತೋರಿಸದು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ಆರಂಭಿಸಿತು, ವಾಹನ ಕ್ಷೇತ್ರವೂ ಅದರಲ್ಲಿದೆ. ಗ್ಯಾರೇಜಿನ ಗೋಡೆಯವರೆಗೆ ಅದು ತಲುಪಿದ್ದನ್ನು ನಾನಂತೂ ಕಂಡಿಲ್ಲ. ಹೊಗೆಯ ಮಿತಿ ಬೇಕೇ ಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಹೊಗೆಯೊಂದಿಗೆ ವಿದ್ಯೆಯನ್ನೂ ಬೀಗ ಹಾಕಿಡಬೇಕೆಂದು ಯಾವ ಮಿತಿಯೂ ಕೇಳಿರಲಿಲ್ಲ. ಎಂಜಿನ್ನಿನ ಒಳಗಿನ ಕೆಲಸ ಕೈತಪ್ಪಿದ ಮೇಲೆ ಗಾಡಿಯ ಹೊರಗೆ ಸಿಕ್ಕಿಸುವ ಕೆಲಸ ಮಾತ್ರ ಮಿಸ್ತ್ರಿಗೆ ಉಳಿಯಿತು. ಬಣ್ಣದ ದೀಪ, ಸ್ಟಿಕ್ಕರು, ಸದ್ದಿನ ಡಬ್ಬಿ.

ಬಂಗಾರಪೇಟೆಯ ಒಂದು ಗ್ಯಾರೇಜಿನಲ್ಲಿ ಕುಳಿತಿದ್ದಾಗ ಒಬ್ಬ ಹುಡುಗ ಹೊಸ ಗಾಡಿ ತಂದು ನಿಲ್ಲಿಸಿದ.

"ಭಾಯ್, ಇದಕ್ಕೆ ಸೌಂಡ್ ಬರ್ಬೇಕು."

"ಬರ್ತದೆ ಬೇಟಾ. ಪಿಕಪ್ ಹೋಗ್ತದೆ, ಪರ್ವಾಗಿಲ್ವಾ?"

"ಪಿಕಪ್ ಜಾಸ್ತಿ ಆಗ್ತದಂತಲ್ಲ ಭಾಯ್?"

ಮಿಸ್ತ್ರಿ ನನ್ನ ಕಡೆ ನೋಡಿ ನಕ್ಕರು. ಅರವತ್ತರ ಆಸುಪಾಸಿನವರು, ರೋಡ್‌ಕಿಂಗಿನಲ್ಲಿ ಕೈ ಪಳಗಿಸಿಕೊಂಡವರು. ಹುಡುಗನಿಗೆ ಹತ್ತು ನಿಮಿಷ ತಿಳಿಸಿ ಹೇಳಿದರು. ಅವನು ಕೇಳಲಿಲ್ಲ. ಅವರು ಕೆಲಸವನ್ನು ಬೇಡವೆನ್ನಲೂ ಇಲ್ಲ. ಅವರು ಬೇಡವೆಂದರೆ ಪಕ್ಕದ ಅಂಗಡಿ ಇದ್ದೇ ಇದೆ. "ಬಿಚ್ಚೋಕೆ ಮುನ್ನೂರು ಕೊಡ್ತಾನೆ. ಪೊಲೀಸ್ ಹಿಡಿದ ಮೇಲೆ ವಾಪಸ್ ಬರ್ತಾನೆ, ಹಾಕೋಕೆ ಮುನ್ನೂರು" ಎಂದರು. ಕಳಚಿದ ಕಂಪನಿ ಸೈಲೆನ್ಸರನ್ನು ಗೋಣಿಚೀಲದಲ್ಲಿ ಸುತ್ತಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಗಾಡಿಯ ನಂಬರು ಬರೆದು ಅಟ್ಟದ ಮೇಲಿಟ್ಟರು. ಅಲ್ಲಿ ಆಗಲೇ ಏಳೆಂಟು ಇದ್ದವು.

ಹುಡುಗ ಹೋದ ಮೇಲೆ ಅವರು ಅಂಗಡಿಯ ಹಿಂಭಾಗಕ್ಕೆ ಕರೆದೊಯ್ದರು. ಅಲ್ಲೊಂದು ಆರ್‌ಎಕ್ಸ್ 100. ಬೆಂಗಳೂರಿನ ಸಾಫ್ಟ್‌ವೇರ್ ನೌಕರನೊಬ್ಬ ಲಕ್ಷಕ್ಕೂ ಹೆಚ್ಚು ಕೊಟ್ಟು ಕೊಂಡು, ಸರಿಮಾಡಿಸಲು ಇಲ್ಲಿಗೆ ತಂದು ಬಿಟ್ಟಿದ್ದಾನಂತೆ. ಪಕ್ಕದಲ್ಲಿ ಸೌದೆ ಉರಿ, ಅದರೊಳಗೆ ಸೈಲೆನ್ಸರಿನ ಒಳಕೊಳವೆ ಕೆಂಪಗೆ ಕಾಯುತ್ತಿತ್ತು. ಇಕ್ಕಳದಲ್ಲಿ ಹೊರಗೆಳೆದು ಕಲ್ಲಿನ ಮೇಲೆ ಮೆಲ್ಲಗೆ ಬಡಿದರು. ಕಾರ್ಬನ್ ಹಪ್ಪಳದಂತೆ ಎದ್ದು ಉದುರಿತು. ಕೊಳವೆಯ ತೂತುಗಳನ್ನು ಒಂದೊಂದಾಗಿ ತಂತಿಯಿಂದ ಬಿಡಿಸುತ್ತಾ, ಕೋನದ ಭಾಗವನ್ನು ಬೆರಳಿನಿಂದ ತೋರಿಸಿ, "ಇದನ್ನ ಮುಟ್ಬಾರ್ದು ಸಾರ್" ಎಂದರು.